ಹೊಡೀದೇ ಸಿಕ್ಕಿದ ಕೆಲ್ಸ

...ಆಫ್ ಮಾಡೇ ಆ ಮೊಬೈಲ್ನ ಮೊದ್ಲು. ಯಾವ್ನೋ ಕೋಟು ಹಾಕ್ಕೊಂಡು ಬಂದು 'ನಿಮ್ಮನ್ನ ನೀವು ನಂಬಿ, ಗೆದ್ದೇ ಗೆಲ್ತೀರಿ' ಅಂತಾನಲ್ಲ, ಅವ್ನು ಒಂದ್ ದಿನ ಬಿಸಿಲಲ್ಲಿ ಬ್ಯಾಟ್ ಹಿಡ್ದು ನಿಂತವ್ನಾ ಕೇಳು. ಸ್ಕೂಲ್ ಸಾಫ್ಟ್‌ಬಾಲ್ ಮ್ಯಾಚಲ್ಲಿ ಮೂರ್ ಸಲ ಔಟಾದೆ ಅಂತ ಬೆಳಗ್ಗಿಂದ ಮೂಗು ಒರೆಸ್ಕೊಂಡು ಕೂತಿದ್ದೀಯ, ಥೂ! ನಿಮ್ಮಜ್ಜಿ ನಾನು ಅದೇ ಆಟ ಆಡಿದ್ದು ಹನ್ನೊಂದ್ ವರ್ಷ ಕಣೇ, ಹೊಡಿಯೋದ್ರಲ್ಲಿ ಇವ್ಳನ್ನ ಬಿಟ್ರಿಲ್ಲ ಅಂತಿದ್ರು. ಹತ್ ಸಲ ನಿಂತ್ರೆ ಏಳ್ ಸಲ ಔಟು. ಏಳು! ಪೇಪರ್ನೋರು ಮಿಕ್ಕ ಮೂರನ್ನ ಮಾತ್ರ ಬರೀತಿದ್ರು.

ನಮ್ಮ ಹೋಳೂರಲ್ಲಿ ಆಗ ಯಾವ ಸಾಫ್ಟ್‌ಬಾಲು? ನಾನು ಕಣದಲ್ಲಿ ಕೋಲು ಹಿಡ್ಕೊಂಡು ಒಣಗಿದ ಅವರೆಕಾಯಿ ಬಡೀತಿದ್ದೆ. ಪಿ.ಟಿ. ಮೇಷ್ಟ್ರು ದಾರೀಲಿ ಹೋಗ್ತಾ ನೋಡಿ, 'ಅಬ್ಬಾ, ಈ ಹುಡ್ಗಿ ಕೈ ನೋಡ್ರಿ!' ಅಂದ್ರು. ಆ ಪುಣ್ಯಾತ್ಮನಿಗೆ ಬರ್ತಿದ್ದಿದ್ದು ಕ್ರಿಕೆಟ್ ಒಂದೇ. ಎರಡ್ ತಿಂಗ್ಳು ಹೊಡಿ ಹೊಡಿ ಅಂತ ಹೇಳ್ಕೊಟ್ರು, ಓಡೋದ್ ಹೆಂಗೆ ಅಂತ ಹೇಳ್ಲೇ ಇಲ್ಲ. ಅಷ್ಟ್ರಲ್ಲಿ ಬೆಂಗ್ಳೂರಿನ ಒಂದ್ ಫ್ಯಾಕ್ಟ್ರಿಯೋರು ಕೋಲಾರಕ್ಕೆ ಬಂದ್ರು, ತಮ್ಮ ಸಾಫ್ಟ್‌ಬಾಲ್ ಟೀಮಿಗೆ ಒಬ್ಳು ಹುಡ್ಗೀನ ತಗೊಂಡು ಕೆಲ್ಸನೂ ಕೊಡ್ತೀವಿ ಅಂತ. ನಮ್ಮಪ್ಪ ಏನಂದ? 'ಸಿಕ್ತಾ, ಸರಿ. ಇಲ್ವಾ, ಮುಂದಿನ ಮುಹೂರ್ತಕ್ಕೇ ಮುಳಬಾಗಿಲಿನ ನಿಮ್ಮ ಮಾವನ ಮಗನ್ನ ಕಟ್ಕೊ.' ಆ ಮಾವನ ಮಗ, ಅವ್ನ ವಿಷ್ಯ ಬಿಡು, ಎಲೆ ಅಡಿಕೆ ಜಗೀತಾ ಜಗೀತಾನೇ ನಿದ್ದೆ ಹೋಗೋನು.

ಆರಿಸೋ ದಿನ ಕೋಲಾರದ ಮೈದಾನದಲ್ಲಿ ಒಬ್ಬೊಬ್ಳಿಗೂ ಮೂರ್ ಚಾನ್ಸು ಕೊಟ್ರು. ಮೊದಲ್ನೇದ್ರಲ್ಲಿ ಬಂದಿದ್ದಕ್ಕೆಲ್ಲ ಬ್ಯಾಟ್ ಬೀಸಿ, ಮೂರಕ್ಕೆ ಮೂರೂ ಗಾಳಿಗೇ ಹೊಡ್ದು ಔಟು. ಎರಡ್ನೇದು, ಆಹಾ, ಬಾಲು ಆ ಹುಣಸೆ ಮರದ್ ಹತ್ರ... ಅಲ್ಲಲ್ಲ, ಹಿಂದಿನ ಗೇಟು, ಅಲ್ಲೀಗಂಟ ಹೋಯ್ತು. ಎಲ್ರೂ ಚಪ್ಪಾಳೆ. ಬ್ಯಾಟ್ ಬಿಸಾಕಿ ಓಡ್ಬೇಕು ತಾನೇ? ನಾನು ಕೈಯಲ್ಲೇ ಹಿಡ್ಕೊಂಡು ಓಡ್ದೆ! ಮೊದಲ್ನೇ ಬೇಸಿನ ಆ ಚೌಕದ ಹಾಸಿನ ಹತ್ರ ಹೋಗಿ, ಕಾಲಿಡ್ಬೇಕಾದ ಕಡೆ ಕ್ರಿಕೆಟ್ನೋರ ಥರ ಬ್ಯಾಟ್ ತುದಿ ಊರಿ, ಮಹಾರಾಣಿ ಹಂಗೆ ನಿಂತ್ಕೊಂಡೆ. ಫೀಲ್ಡಿಂಗ್ ಹುಡ್ಗೀರು ಬಾಲ್ ತಂದು ಬೇಸ್ ಮುಟ್ಟಿ 'ಔಟ್' ಅಂದ್ರು. ಮೈದಾನಕ್ಕೆ ಮೈದಾನವೇ ನಕ್ತು. ಮೇಷ್ಟ್ರು ಇವ್ಳು ಯಾರೋ ನಂಗೊತ್ತೇ ಇಲ್ಲ ಅನ್ನೋ ಹಂಗೆ ಆಕಾಶ ನೋಡ್ತಿದ್ರು.

ಮೂರ್ನೇದಕ್ಕೆ ಬಾಲ್ ಹಾಕೋಕೆ ಬಂದ್ಳು ಒಬ್ಳು ಮಾಲೂರಿನೋಳು, ನನ್ನ ನೋಡಿ ಹಲ್ಲು ಕಿಸೀತಾ. ಸಿಟ್ಟು ಬಂತು. ಆದ್ರೂ ಈ ಸಲ ಕಣ್ಣು ಬಿಟ್ಕೊಂಡು ನೋಡ್ದೆ. ಮೊದಲ್ನೇ ಬಾಲು ಎಲ್ಲೋ ದೂರ, ಬಿಟ್ಟೆ. ಎರಡ್ನೇದು ನೆಲಕ್ಕೆ, ಬಿಟ್ಟೆ. ನಮ್ಮಪ್ಪಂಗೆ ರೋಷ ಬಂದ್ರೆ ತೆಲುಗೇ ಬರೋದು, ಬೇಲಿ ಆಚೆಯಿಂದ 'ಕೊಟ್ಟವೇ! ಹೊಡಿಯೇ! ಕೈ ಬಿದ್ದೋಗಿದ್ಯಾ?' ಅಂತ ಕಿರುಚ್ತಾವ್ನೆ. ಮೂರ್ನೇದೂ ಬಿಟ್ಟೆ, ನಾಲ್ಕ್ನೇದೂ ಬಿಟ್ಟೆ. ನಾಲ್ಕು ಕೆಟ್ಟ ಬಾಲ್ ಬಿಟ್ರೆ ಮೊದಲ್ನೇ ಬೇಸು ಬಿಟ್ಟಿ, ಹಂಗಂತ ಬೆಳಗ್ಗೆ ಅಂಪೈರು ಹೇಳಿದ್ದು ನೆನಪಿತ್ತು. ಬ್ಯಾಟ್ ಕೆಳಗಿಟ್ಟು ನಡ್ಕೊಂಡು ಹೋಗಿ ಎರಡೂ ಕಾಲು ಬೇಸ್ ಮೇಲಿಟ್ಟೆ. ಫ್ಯಾಕ್ಟ್ರಿ ಮೇಡಂ ಕೇಳಿದ್ರು, 'ಯಾಕಮ್ಮ ಹೊಡೀಲಿಲ್ಲ?' 'ಹೊಡಿಯೋ ಅಂಥದ್ದು ಒಂದೂ ಬರ್ಲಿಲ್ಲ ಮೇಡಂ.' ಅವ್ರು ಪಕ್ಕದೋರ ಕಡೆ ತಿರುಗಿ, 'ಬೀಸೋರು ಬೇಕಾದಷ್ಟು ಜನ ಇದಾರೆ, ಬಿಡೋಕೆ ಬರೋದು ಇವ್ಳೊಬ್ಳಿಗೇ, ಹೆಸ್ರು ಬರ್ಕೊಳ್ಳಿ' ಅಂದ್ರು. ನಿಂತಲ್ಲೇ ಅತ್ತುಬಿಟ್ಟೆ ಕಣೇ.

ನಮ್ಮಪ್ಪ ಬಸ್ಸಲ್ಲಿ ಏನಂದ ಗೊತ್ತಾ? 'ಹೊಡೀದೇ ಇದ್ದೋಳಿಗೆ ಯಾರಾದ್ರೂ ಕೆಲ್ಸ ಕೊಡ್ತಾರೇನೇ? ಊರಲ್ಲಿ ಬಾಯಿ ಮುಚ್ಕೊಂಡಿರು.' ಹೋಳೂರಲ್ಲಿ ಇಳಿದೋನೇ, ನನ್ ಮಗ್ಳು ಹೊಡೆದ ಬಾಲು ಮೈದಾನ ದಾಟಿ ಬಸ್ ಸ್ಟ್ಯಾಂಡಿಗೆ ಬಿತ್ತು ಅಂತ ಸಾರ್ಕೊಂಡು ಬಂದ. ಸಾಯೋವರೆಗೂ ಅದನ್ನೇ ಹೇಳ್ದ. ಊರೋರು ಇವತ್ತಿಗೂ ನಂಬ್ಕೊಂಡವ್ರೆ, ದಡ್ಡ ಮುಂಡೇವು. ಗೆದ್ದೋರ ಕತೆ ಅಂತ ನೀನು ಮೊಬೈಲಲ್ಲಿ ನೋಡೋದೂ ಇಂಥದ್ದೇ. ಏಳು, ಮುಖ ತೊಳ್ಕೊ. ನಾಳೆ ಹೋಗಿ ಮತ್ತೆ ನಿಂತ್ಕೊ. ಕೆಟ್ಟ ಬಾಲ್ ಬಂದ್ರೆ ಬಿಟ್ಬಿಡು, ಬೇಲಿ ಆಚೆ ನಿಂತು ನಿಮ್ಮಪ್ಪ ಎಷ್ಟೇ ಕಿರುಚ್ಕೊಳ್ಲಿ.