ನನ್ನ ಹೆಂಡತಿಯ ಅಂಗಿಗೆ ಮೀಸೆ ಬಂದದ್ದು

ಮಾನ್ಯ ಅಧ್ಯಕ್ಷರಾದ ಶಿವನಂಜಪ್ಪನವರೇ, ಪುಸ್ತಕದ ಬಿಡುಗಡೆಗೆಂದು ಮೈಸೂರಿನಿಂದ ಬಂದು ಇನ್ನೂ ತಮಗೇ ಬಿಡುಗಡೆ ಸಿಗದೆ ಕೂತಿರುವ ಅತಿಥಿಗಳೇ, ನಮ್ಮ ಹುಣಸೂರಿನ ಹೊಲಿಗೆ ತರಗತಿಯ ಹೆಣ್ಣುಮಕ್ಕಳೇ, ಸಭಿಕರೇ,

ಕಾಂತರಾಜು ಮೇಷ್ಟ್ರು ಈಗ ಎರಡು ಮಾತಾಡುತ್ತಾರೆ ಅಂತ ಹೇಳಿ ನನ್ನನ್ನು ಕರೆದರು. ಎರಡೇ ಮಾತು. ಒಂದು, ಈ ಹೊಲಿಗೆ ಪುಸ್ತಕದ ಚಿತ್ರಗಳನ್ನು ಬರೆದವನು ನಾನು. ಎರಡು, ಇದರ ಮೂವತ್ತೊಂದನೇ ಪುಟದಲ್ಲಿ ಅಚ್ಚಾಗಿರುವ ಚಿತ್ರ ನಾನು ಬರೆದದ್ದಲ್ಲ. ಮಾತು ಮುಗಿಯಿತು, ಸಿಟ್ಟು ಮುಗಿದಿಲ್ಲ. ಆದ್ದರಿಂದ ಇನ್ನೂ ಸ್ವಲ್ಪ ಹೊತ್ತು ಕೂರಿ.

ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಹೊಲಿಗೆಯವರಿಗೆ ನಕ್ಷೆ ಬರೆದುಕೊಡುತ್ತಾ ಬಂದಿದ್ದೇನೆ. ಕುಲಾವಿ, ಲಂಗ, ಪಟಾಪಟಿ ಚಡ್ಡಿ, ಎಲ್ಲಾ. ಕತ್ತರಿಸುವ ಕಡೆ ಗೆರೆ, ಹೊಲಿಯುವ ಕಡೆ ಚುಕ್ಕಿ. ಪಕ್ಕದಲ್ಲಿ ಆ ಬಟ್ಟೆ ತೊಟ್ಟವರ ಚಿತ್ರವನ್ನೂ ಬರೆಯಬೇಕು, ಆದರೆ ಮುಖ ಬರೆಯುವ ಹಾಗಿಲ್ಲ. ಅಲ್ಲೊಂದು ಮೊಟ್ಟೆ ಬರೆದು ಸುಮ್ಮನಾಗಬೇಕು. ಯಾಕೆ? ನೋಡುವವರು ಅಲ್ಲಿ ತಮ್ಮ ಮುಖವನ್ನೇ ಕಾಣಲಿ ಅಂತ. ಇದು ನಮ್ಮ ಕಸುಬಿನ ಪದ್ಧತಿ.

ಈಗ ಅಂಗಿಯ ವಿಷಯ. ಹೊಗೆಸೊಪ್ಪು ಮುರಿಯುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೇ ಅಂಗಿ ಹಾಕಿಕೊಳ್ಳುವುದನ್ನು ನೋಡದವರು ಈ ಸಭೆಯಲ್ಲಿ ಯಾರಿದ್ದೀರಿ? ಸೊಪ್ಪಿನ ಅಂಟು ಹತ್ತಿದರೆ ಆ ಸೀರೆಯ ಕಥೆ ಮುಗಿಯಿತು. ಆದರೆ ಗಂಡನ ಅಂಗಿ ಹೆಂಡತಿಯ ಮೈಗೆ ಒಗ್ಗುತ್ತದೆಯೇ? ತೋಳು ಬೆರಳು ದಾಟುತ್ತದೆ. ಎತ್ತಿ ಕಟ್ಟಿದ ನೆರಿಗೆಯ ಮೇಲೆ ಗುಂಡಿ ಕೂರುವುದಿಲ್ಲ. ತೋಳಿನದೊಂದು ಗೋಳು, ಗುಂಡಿಯದೊಂದು ಗೋಳು. ನನ್ನ ಮನೆಯವಳು ಸುನಂದಮ್ಮ ಇದಕ್ಕೊಂದು ಉಪಾಯ ಮಾಡಿದಳು. ಅಂಗಿಯ ಎರಡೂ ಪಕ್ಕ ಬಿಚ್ಚಿ, ಹಳೇ ಸೀರೆಯ ಮೂರು ಮೂಲೆಯ ತುಂಡು ಕೂರಿಸಿದಳು. ತೋಳಿನ ತುದಿಗೆ ಲಾಡಿ ಕೊಟ್ಟಳು. ಎದೆಯ ಜೇಬನ್ನು ಒಳಗಡೆಗೆ ಹಾಕಿದಳು. ಉಪಾಯ ಅವಳದು, ಅಂಗಿ ಮಾತ್ರ ನನ್ನದು. ಅದೂ ನಾನು ನಿವೃತ್ತನಾದ ದಿನ ತೊಟ್ಟಿದ್ದ ಅಂಗಿ. ಯಾಕಮ್ಮಾ ಹೀಗೆ ಮಾಡಿದೆ ಅಂದರೆ, "ರಿಟೈರಾಗಿರೋದು ನೀವು ಕಣ್ರೀ, ಅಂಗಿಯಲ್ಲ" ಅಂದಳು.

ಆ ಸೊಪ್ಪಿನ ಕಾಲ ಮುಗಿಯುವಷ್ಟರಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಅವಳ ಹತ್ತಿರ ಅಂಗಿ ತಂದರು. ಅವಳು ಬಿಚ್ಚಿ ಹಾಸಿದಳು, ನಾನು ಗೆರೆ ಎಳೆದೆ. ಅದೇ ನಕ್ಷೆಯನ್ನು ಈ ಪುಸ್ತಕಕ್ಕೆ ಕೊಟ್ಟೆವು. ಕೆಳಗೆ 'ರಚನೆ: ಸುನಂದಮ್ಮ' ಅಂತ ನಾನೇ ಬರೆದೂ ಕೊಟ್ಟೆ.

ಅಲ್ಲಿಂದ ಅದು ಸಂಪಾದಕ ಲಿಂಗರಾಜು ಅವರ ಕಂಪ್ಯೂಟರಿಗೆ ಹೋಯಿತು. ನನ್ನ ಸನ್ಮಾನಕ್ಕೆಂದು ಹಾರ ಹಿಡಿದು ಅಲ್ಲೇ ನಿಂತಿದ್ದಾರೆ, ನೋಡಿ. ಕರಡು ತಿದ್ದುತ್ತೇನೆ ಅಂದವರು ಕರಡಿ ಮಾಡಿ ಕಳಿಸಿದರು. ಮುಖದ ಜಾಗ ಖಾಲಿ ಕಂಡಿತಂತೆ. ಅಲ್ಲಿಗೊಬ್ಬ ಮೀಸೆಯವನನ್ನು ತಂದು ಅಂಟಿಸಿದರು. ಮೀಸೆ ಬಂದ ಮೇಲೆ ಸೀರೆ ಇರಬಹುದೇ? ಅಳಿಸಿ ಪ್ಯಾಂಟು ಹಾಕಿದರು. ಪ್ಯಾಂಟು ಬಂದ ಮೇಲೆ ಪಕ್ಕದ ತುಂಡು ಯಾಕೆ? ಅದನ್ನೂ ಕಿತ್ತರು. ಮೇಲೆ 'ಪುರುಷರ ಕೃಷಿ ಅಂಗಿ'. ಕೆಳಗೆ 'ರಚನೆ: ಕಾಂತರಾಜು'. ಹೊಲವೂ ಗೊತ್ತಿಲ್ಲ, ಹೊಲಿಗೆಯೂ ಗೊತ್ತಿಲ್ಲ. ಕೇಳಿದರೆ, "ಅಂಗಿ ಅಂದ್ಮೇಲೆ ಗಂಡಸರದೇ ಅಲ್ವಾ ಸಾರ್?" ಅಂದರು.

ಆ ಪುಟ ನೋಡಿಕೊಂಡು ತರಗತಿಯ ವಾಣಿಶ್ರೀ ಒಂದು ಅಂಗಿ ಹೊಲಿದಳು. ಸೊಪ್ಪಿನ ಕೆಲಸಕ್ಕೆ ಹೋಗುವ ಪ್ರೇಮಮ್ಮನವರಿಗೆ ಸೀರೆಯ ಮೇಲೆ ತೊಡಿಸಿದೆವು. ಅವರು ಬಗ್ಗಿದರು. ಗುಂಡಿ ಹಾರಿ ಲಿಂಗರಾಜು ಅವರ ಟೀ ಲೋಟಕ್ಕೆ ಬಿತ್ತು. ನಗಬೇಡಿ. ಬರುವ ಸೊಪ್ಪಿನ ಕಾಲಕ್ಕೆ ಈ ಹುಡುಗಿಯರೆಲ್ಲ ಅಂಗಿ ಹೊಲಿಯಬೇಕಾದದ್ದು ಇದೇ ಪುಟ ನೋಡಿ. ಇದು ನಗುವ ವಿಷಯವೇ?

ಮೊದಲ ಪ್ರತಿ ಮನೆಗೆ ಬಂದಾಗ ಸುನಂದಮ್ಮ ಆ ಪುಟವನ್ನು ಬಾಗಿಲ ಬೆಳಕಿಗೆ ಹಿಡಿದಳು. "ಇದ್ಯಾರ್ರೀ, ನನ್ನಂಗಿ ಆಕ್ಕಂಡು ನಿಂತವ್ನೆ?" ಅಂದಳು. ನಾನು ಆ ಮೀಸೆಯ ಮೇಲೆ ಹಾರಾಡಿದೆ. ಅವಳು ಹಾರಾಡಲಿಲ್ಲ.

"ಮೀಸೆ ಇರ್ಲಿ ಬುಡಿ. ನನ್ನೆಸ್ರು ಎಲ್ಲೋಯ್ತು?"

ಅಚ್ಚಿಗೆ ಹೋಗುವ ಮೊದಲು ಆ ಪುಟವನ್ನು ನನಗೆ ತೋರಿಸಿದ್ದರು, ನಿಜ. ಕನ್ನಡಕ ಹಾಕಿಕೊಂಡೇ ನೋಡಿದ್ದೆ. ಕಾಂತರಾಜುವಿನ ಕೊಂಬು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಅಂತ. ಹೆಸರು ಕೆಳಗಿತ್ತು, ಮೀಸೆ ಮೇಲಿತ್ತು. ಇರಲಿ, ಅದು ಈಗ ಮುಖ್ಯವಲ್ಲ. "ಆ ಪುಸ್ತಕ ಇಡ್ಕಂಡು ಒಳಕ್ಕೆ ಬರ್ಬೇಡಿ" ಅಂದವಳು ಆಮೇಲೆ ಊಟದ ತಟ್ಟೆಯ ಸದ್ದಿನಲ್ಲಿ ಮಾತ್ರ ನನ್ನೊಂದಿಗೆ ಮಾತಾಡಿದಳು.

ಲಿಂಗರಾಜು ಏನಂದರು? ಪ್ರಿಂಟಾಗಿ ಹೋಗಿದೆ, ಮುಂದಿನ ಸಲ ನೋಡೋಣ ಅಂದರು. ಯಾವ ಮುಂದಿನ ಸಲ? ಈ ವಯಸ್ಸಿನ ಹೆಂಗಸಿಗೆ ಮುಂದಿನ ಸಲ ಅನ್ನುವುದಕ್ಕೆ ನಾಲಿಗೆಯಾದರೂ ಹೇಗೆ ಬರುತ್ತದೆ?

ಅದಕ್ಕೇ ಇವತ್ತು ಬೆಳಿಗ್ಗೆ, ಅವರು ಅತಿಥಿಗಳನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದಾಗ, ನಾನೂ ಈ ಹುಡುಗಿಯರೂ ಒಂದು ಸಣ್ಣ ಕೆಲಸ ಮಾಡಿದೆವು. ಪುಸ್ತಕದ ಕಟ್ಟುಗಳನ್ನು ಬಿಚ್ಚಿ, ಪ್ರತಿಯೊಂದರಲ್ಲೂ ಆ ಮೀಸೆಯವನ ಮೇಲೆ ನಾನು ಹೊಸದಾಗಿ ಬರೆದು ಜೆರಾಕ್ಸ್ ಮಾಡಿಸಿದ ಹಾಳೆ ಅಂಟಿಸಿ, ಏನೂ ಆಗದವರಂತೆ ಮತ್ತೆ ಕಟ್ಟಿಟ್ಟೆವು. ಸೀರೆ ವಾಪಸು ಬಂದಿದೆ. ಪಕ್ಕದ ತುಂಡು ತನ್ನ ಜಾಗಕ್ಕೆ ಬಂದಿದೆ. ಪದ್ಧತಿ ಮುರಿದು ಮುಖವನ್ನೂ ಬರೆದಿದ್ದೇನೆ. ಖಾಲಿ ಬಿಟ್ಟರೆ ಯಾರು ಬಂದು ಕೂರುತ್ತಾರೋ ಹೇಳುವುದಕ್ಕಾಗುವುದಿಲ್ಲ. ಆ ಹಾಳೆಯನ್ನು ನೋಡಿ ಸುನಂದಮ್ಮ, ಮೂಗು ದಪ್ಪವಾಯಿತು ಅಂದಳು. ಇಷ್ಟು ದಿನದ ಮೇಲೆ ಅವಳು ಬಾಯಿಬಿಟ್ಟು ಆಡಿದ ಮಾತು ಅದು.

ಲಿಂಗರಾಜು, ನನ್ನ ಅಂಗಿ ಎಳೆಯಬೇಡಿ. ಇದೊಂದಾದರೂ ನೆಟ್ಟಗಿರಲಿ.

ಅಧ್ಯಕ್ಷರೇ, ರಿಬ್ಬನ್ ಬಿಚ್ಚಿ ಆ ಪುಟ ತೆಗೆಯಿರಿ. ಮೆಲ್ಲಗೆ, ಗೋಂದು ಇನ್ನೂ ಹಸಿಯಾಗಿದೆ. ಅಲ್ಲಿ ಕೆಳಗಿರುವ ಹೆಸರನ್ನು ಈ ಮೈಕಿನಲ್ಲಿ ಗಟ್ಟಿಯಾಗಿ ಓದಿ. ಬಾಗಿಲ ಹತ್ತಿರ ಒಬ್ಬ ಹೆಂಗಸು ಬಂದಾಗಿನಿಂದ ನಿಂತೇ ಇದ್ದಾಳೆ. ಹುಡುಗಿಯರು ಕುರ್ಚಿ ತಂದು ಹಾಕಿದರೂ ಕೂತಿಲ್ಲ. "ಓದ್ಲಿ, ಆಮೇಲೆ ಕೂತ್ಕತೀನಿ" ಅಂದಿದ್ದಾಳೆ. ಅವಳಿಗೆ ಮೊಣಕಾಲು ನೋವು, ಸಭಿಕರೇ. ನನ್ನ ಸನ್ಮಾನ ಆಮೇಲಾದರೂ ನಡೆಯುತ್ತದೆ, ಆಗದಿದ್ದರೂ ನಡೆಯುತ್ತದೆ.

ಈ ಮುದುಕನ ಸಿಟ್ಟನ್ನು ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲರಿಗೂ ವಂದನೆಗಳು. ಓದಿ, ಶಿವನಂಜಪ್ಪನವರೇ. ನಮಸ್ಕಾರ.