ಗುಂಡಿಯೊಳಗಿಂದ ಒಂದೇ ಟಕ್

ನಗೋದಾದರೆ ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ... ಇದು ನಮ್ಮ ಚಿಕ್ಕಮ್ಮನ ಮಗಳು ಚೂಟಿಗೆ ಆದದ್ದು. ದೆವ್ವ ಅಂದರೆ "ಅಳತೆಗೆ ಸಿಗುತ್ತಾ?" ಅಂತ ಕೇಳೋ ಹುಡುಗಿ ಅವಳು.

ಅವಳು ಓದ್ತಿದ್ದದ್ದು ಕ್ವಾಂಟಂ ವಸ್ತುಗಳ ಬಗ್ಗೆ. ವರ್ಷವಿಡೀ ಕುಲುಮೆ ಕಾದು ಒಂದು ಕರಿ ಹರಳು ಬೆಳೆಸಿದ್ದಳು, ಅಕ್ಕಿಕಾಳಿನಷ್ಟು. ವಿಪರೀತ ತಣ್ಣಗೆ ಮಾಡಿದರೆ ಅದರೊಳಗೆ ಕರೆಂಟು ತಡೆಯೇ ಇಲ್ಲದೆ ಹರೀಬೇಕು. ಆ ರಾತ್ರಿ ಕಳೆದು ಬೆಳಗಾಗೋದರೊಳಗೆ ಅದನ್ನ ತೋರಿಸದಿದ್ದರೆ, ಲ್ಯಾಬಿನ ತಣ್ಣಗೆ ಮಾಡೋ ಯಂತ್ರ ಬೇರೆಯವರ ಪಾಲು, ಇವಳ ಒಂದು ವರ್ಷಕ್ಕೆ ಎಳ್ಳುನೀರು. ಆ ಸಂಜೆ ಆತುರದಲ್ಲಿ ಬೆರಳು ಬೇರೆ ಕುಯ್ದುಕೊಂಡು, ಲ್ಯಾಬಿನ ನೀಲಿ ಟೇಪನ್ನೇ ಸುತ್ತಿದ್ದಳು.

ಯಂತ್ರ ತಣ್ಣಗಾಗಲಿ ಅಂತ ಬಿಟ್ಟು ಹಾಸ್ಟೆಲಿಗೆ ಹೊರಟಳು. ದಾರಿಯಲ್ಲಿ ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದರ ಪಕ್ಕ ಬಂದಳು... ಟಕ್. ಒಳಗಿಂದ. ಕಲ್ಲು ಬಿದ್ದಿರಬೇಕು ಅಂದ್ಕೊಂಡಳು. ಆದರೆ ನೀರಿನ ಸದ್ದು ಬರಲಿಲ್ಲ. ಅಷ್ಟರಲ್ಲಿ ಫೋನು ಬೀಪ್ ಬೀಪ್ ಅಂತು. ಯಂತ್ರ ಬಿಸಿಯಾಗ್ತಿದೆ! ಎದ್ದೆನೋ ಬಿದ್ದೆನೋ ಅಂತ ವಾಪಸ್ ಓಡಿದಳು.

ಆ ಯಂತ್ರದ ಬುಡ ಇರೋದು ನೆಲದೊಳಗಿನ ಗುಂಡಿಯಲ್ಲಿ. ಆಳು ಮುಳುಗುವಷ್ಟು ಆಳ, ಇಳಿಯೋಕೆ ಏಣಿ. ಒಬ್ಬರೇ ಇಳಿಯೋ ಹಾಗಿಲ್ಲ. ತಣ್ಣಗಿಡೋ ನೈಟ್ರೋಜನ್ ಸೋರಿದರೆ ವಾಸನೆ ಬರಲ್ಲ. ಗುಂಡಿ ತುಂಬಿ ಕೂತು, ಉಸಿರಾಡೋ ಗಾಳಿಯನ್ನೇ ಆಚೆ ತಳ್ಳುತ್ತೆ. ಪಂಪಿನ ಗದ್ದಲದಲ್ಲಿ ಕೂಗಿದರೂ ಮಾತು ತಿಳಿಯಲ್ಲ, ಅದಕ್ಕೇ ಪೈಪು ಬಡಿಯೋದು. ಮೇಲಿನವರು ಎರಡು ಬಡೀಬೇಕು. ಕೆಳಗಿನವರು ತಿರುಗಿ ಎರಡು ಬಡಿದರೆ, ಬಾ ಅಂತ. ಒಂದೇ ಬಡಿದರೆ... ಇಳೀಬೇಡ. ಹೊಸ ವಿದ್ಯಾರ್ಥಿಗಳಿಗೆಲ್ಲ ಇದನ್ನ ಕಲಿಸ್ತಿದ್ದವಳೇ ಚೂಟಿ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ! ಅವಳ ಜೊತೆಗಾರ 'ತೂಕಡಿಕೆ' ಜ್ವರ ಬಂದು ಮಲಗಿದ್ದ. ಇವಳು ಲ್ಯಾಬ್ ನೋಡ್ಕೊಳ್ಳೋ ಪ್ರೊಫೆಸರಿಗೆ "ಜೊತೆಗಿದ್ದಾನೆ ಮೇಡಂ" ಅಂತ ಸುಳ್ಳು ಹೇಳಿದ್ದಳು.

ಪಂಪು ಧಡಗ್, ಧಡಗ್... ಗುಂಡಿಯ ಕತ್ತಲಲ್ಲಿ ಸಣ್ಣಗೆ ಸುಯ್ಯ್ ಅನ್ನೋ ಸದ್ದು. ಕೆಳಗಿನ ವಾಲ್ವು ಬಿಗಿ ಮಾಡಿದರಾಯ್ತು, ಅಷ್ಟೇ. ಏಣಿಗೆ ಕಾಲಿಟ್ಟಳು. ಕೈ ತನ್ನ ಪಾಡಿಗೆ ಪೈಪು ಬಡೀತು. ಟಕ್ ಟಕ್.

ಕೆಳಗಿಂದ... ಟಕ್.

ಮತ್ತೆ ಬಡಿದಳು. ಟಕ್ ಟಕ್.

...ಟಕ್.

ತೂಕಡಿಕೆಗೆ ಫೋನ್ ಮಾಡಿದಳು. "ಎಲ್ಲಿದ್ದೀಯೋ?"

"ಹಾಸಿಗೇಲಿ ಕಣೇ... ಯಾಕೆ?"

"ಗುಂಡಿಯೊಳಗೆ ಯಾರೋ ಇದ್ದಾರೆ."

"ಇಳೀಬೇಡ. ಮೇಡಂಗೆ ಹೇಳ್ತೀನಿ, ಆಚೆ ಹೋಗು."

ಪರದೆ ಮೇಲೆ ಅಂಕಿ ಏರ್ತಾನೇ ಇತ್ತು. ಒಂದು ವರ್ಷ ಕಣ್ಣೆದುರೇ ಹೋಗ್ತಿತ್ತು. ಅಳು ಬಂತು. ಏನಾದರಾಗಲಿ ಅಂತ ಇನ್ನೊಂದು ಮೆಟ್ಟಿಲು ಇಳಿದಳು...

ಟಕ್!

ಈ ಸಲ ಅವಳು ಬಡಿದೇ ಇರಲಿಲ್ಲ. ಹೇಗೆ ಹತ್ತಿದಳೋ, ಹೇಗೆ ಆಚೆ ಬಂದಳೋ ಅವಳಿಗೇ ಗೊತ್ತಿಲ್ಲ.

ಮೇಡಂ ಬಂದು ಗಾಳಿ ಅಳೆಯೋ ಮೀಟರನ್ನ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅರ್ಧಕ್ಕೇ ಕೀಂ ಅಂತ ಚೀರಿಕೊಳ್ತು, ಕೆಳಗೆ ಉಸಿರಾಡೋ ಗಾಳಿಯೇ ಇರಲಿಲ್ಲ. ಮೇಡಂ ಬೈಯಲಿಲ್ಲ. ನೆಲದ ಮೇಲೆ ಕೂತು ಚೂಟಿಯ ಕೈ ಹಿಡ್ಕೊಂಡರು.

ಆ ಗುಂಡಿಯಲ್ಲಿ ಹಿಂದೆ ಯಾರಾದರೂ ಸತ್ತಿದ್ದರಾ ಅಂತ ನೀವು ಕೇಳ್ತೀರಿ. ನಾನೂ ಕೇಳಿದೆ. ಇಲ್ಲ... ಯಾರೂ ಸತ್ತಿಲ್ಲ.

ಯಂತ್ರ ಬೇರೆಯವರ ಪಾಲಾಯ್ತು. ಚೂಟಿ ಈಗ ಮತ್ತೆ ಮೊದಲಿಂದ ಹರಳು ಬೆಳೆಸ್ತಿದ್ದಾಳೆ. ಆದರೆ ಅವತ್ತು ಬೆಳಿಗ್ಗೆ, ಗುಂಡಿಯ ಗಾಳಿ ಸರಿಹೋದ ಮೇಲೆ ಎಲ್ಲರೂ ಕೆಳಗಿಳಿದು ನೋಡಿದರಂತೆ. ಬುಡದ ಪೈಪಿನ ಮೇಲೆ ರಾತ್ರಿ ಕಟ್ಟಿದ ಬಿಳೀ ಹಿಮ. ಅದರಲ್ಲಿ ಬೆರಳ ಗೆಣ್ಣು ಬಡಿದ ಗುರುತುಗಳು. ಒಂದು ಗುರುತಿಗೆ ನೀಲಿ ಟೇಪಿನ ಚೂರು ಅಂಟಿಕೊಂಡಿತ್ತು.

ಚೂಟಿ ತನ್ನ ಬೆರಳು ನೋಡಿಕೊಂಡಳು. ಸುತ್ತಿದ್ದ ಟೇಪು ಹಾಗೇ ಇತ್ತು, ಎಲ್ಲೂ ಹರಿದಿರಲಿಲ್ಲ.

ಸುಳ್ಳಲ್ಲ. ಆ ಚೂರನ್ನ ಹರಳಿಡೋ ಡಬ್ಬಿಯಲ್ಲಿ ಇಟ್ಟಿದ್ದಾಳೆ, ನಾನೇ ನೋಡಿದ್ದೀನಿ... ಒಳಮೈಯಲ್ಲಿ ರಕ್ತದ ಕಲೆ ಇದೆ.