ರೌಡಿಯ ಇಸ್ತ್ರಿ ಶರ್ಟು

ತುರ್ತು ವಾರ್ಡಿನ ನರ್ಸು ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ತಾಯಿ, ಮಗ. ಮಗನ ಶರ್ಟು ಬೆಳ್ಳಗೆ ಹೊಳೆಯುತ್ತಿತ್ತು, ಮುಖ ಮಾತ್ರ ಗಂಟಿಕ್ಕಿತ್ತು.

“ಆ ರಕ್ತ ಹೋಗ್ಲೇಬಾರ್ದಿತ್ತಮ್ಮ.”

ನರ್ಸಿನ ನಿದ್ದೆ ಹಾರಿಹೋಯಿತು.

“ಅಷ್ಟು ಸೋಪು ಹಾಕಿ ಉಜ್ಜಿದ್ರೆ ಹೋಗ್ದೆ ಇರುತ್ತಾ?”

“ಅದು ಸಿನಿಮಾ ರಕ್ತ! ನಿನ್ನೆ ಚಾಕು ಹಾಕಿಸ್ಕೊಂಡೆ. ಇವತ್ತು ಅದೇ ಶರ್ಟಲ್ಲಿ ಸಾಯ್ಬೇಕು.”

“ಮತ್ತೆ ಚೆಲ್ಕೊಂಡ್ರಾಯ್ತಪ್ಪ.”

“ಅದೇ ಜಾಗಕ್ಕೆ, ಅದೇ ಥರ ಬೀಳುತ್ತಾ? ಸಾಲ್ದು ಅಂತ ಹರಿದ ತೋಳು ಬೇರೆ ಹೊಲಿದಿದ್ದೀಯ!”

“ಹರಕು ಬಟ್ಟೇಲಿ ಕಳಿಸಿದ್ರೆ ಜನ ಏನಂತಾರೆ?”

“ನಾನು ಗ್ಯಾಂಗ್ ಲೀಡರ್ ಅಮ್ಮ! ಇಡೀ ಬೀದಿ ನನ್ನ ಕಂಡ್ರೆ ನಡುಗುತ್ತೆ. ಈ ಇಸ್ತ್ರಿ ಗೆರೆ ನೋಡಿದ್ರೆ ಡೈರೆಕ್ಟರ್ ನನ್ನ ಕಿತ್ತಾಕ್ತಾರೆ.”

“ಅದಕ್ಕೇ ತಾನೆ ನಾನೂ ಬರ್ತಿರೋದು? ನಾನೇ ಮಾತಾಡ್ತೀನಿ.”

“ಏನಂತ?”

“ರೌಡಿಗೂ ಅಮ್ಮ ಇರ್ತಾಳೆ, ಮಗ ರಕ್ತ ಮೆತ್ಕೊಂಡು ಮನೆಗೆ ಬಂದ್ರೆ ಶರ್ಟು ಒಗೀದೆ ಬಿಡಲ್ಲ ಅಂತ.”

“ಅವನು ಮನೆಗೆ ಬರೋದೇ ಇಲ್ಲಮ್ಮ. ಬೀದೀಲೇ ಸಾಯ್ತಾನೆ.”

ತಾಯಿ ಅವನ ತೋಳಿನ ಹೊಲಿಗೆಯನ್ನು ಬೆರಳಿನಿಂದ ಸವರಿದಳು.

“ಹಾಗಾದ್ರೆ ಕಥೇನೇ ಬದಲಾಯಿಸ್ಲಿ. ಮನೆಗೆ ಬರ್ಲಿ.”

ಸ್ಟಾಪು ಬಂತು. ಬೀದಿ ನಡುಗಿಸುವವನು ಎದ್ದು ನಿಂತ.

“ಕಾಲರ್ರು,” ಎಂದಳು ತಾಯಿ.

ಅವನು ತಲೆ ಬಗ್ಗಿಸಿದ. ಅವಳು ಕಾಲರು ಮಡಚಿ, ಮೇಲಿನ ಗುಂಡಿಯನ್ನೂ ಹಾಕಿ, ಅವನ ಕೈ ಹಿಡಿದು ಇಳಿಸಿಕೊಂಡು ಹೋದಳು.